1898ರ ಹುಬ್ಬಳ್ಳಿ ಪ್ಲೇಗು: ಹಳೆಯ ಪತ್ರಿಕೆಗಳಲ್ಲಿ ಹುಡುಕುವುದು ಹೇಗೆ?

ದುರ್ಗದಬೈಲು

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹಳೇ ಹುಬ್ಬಳ್ಳಿಯ ಓಣಿಗಳ ಬಗ್ಗೆ ಒಂದು ಪುಸ್ತಿಕೆ ಬರೆಯುವ ಕೆಲಸ ಹಿಡಿದಿದ್ದೇನೆ. 1898ರ ಪ್ಲೇಗಿನ ಅಧ್ಯಾಯಕ್ಕೆ ಬಂದು ನಿಂತಿದ್ದೇನೆ. ಹಿರಿಯರನ್ನು ಕೇಳಿದರೆ ‘ಊರಿಗೆ ಊರೇ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ’ ಎನ್ನುತ್ತಾರೆ. ಯಾವ ತಿಂಗಳು, ಊರಿನ ಯಾವ ದಿಕ್ಕಿಗೆ, ಮರಳಿ ಬಂದದ್ದು ಯಾವಾಗ ಎಂದರೆ ಯಾರಿಗೂ ಗೊತ್ತಿಲ್ಲ. ವಿಜ್ಞಾನಿ ಹಾಫ್ಕಿನ್ ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಆ ವರ್ಷ ನಮ್ಮ ಊರಿನ ಸಾವಿರಾರು ಜನರಿಗೆ ಹಾಕಿದ್ದರು ಎಂಬುದು ವೈದ್ಯಕೀಯ ಇತಿಹಾಸದ ಪುಸ್ತಕಗಳಲ್ಲಿಯೂ ಇದೆ. ಆದರೆ ಜನ ಒಪ್ಪಿದರೇ, ಓಡಿಹೋದರೇ, ಹಾಕಿಸಿಕೊಂಡವರು ಯಾರು ಎಂಬುದು ನನಗೆ ಬೇಕಾಗಿದೆ.

ನಮ್ಮ ಸಹೋದ್ಯೋಗಿಯೊಬ್ಬರು ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡಿದ್ದಾರೆ. ಅವರು ತಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಟೈಮ್ಸ್ ಆಫ್ ಇಂಡಿಯಾದ ಹಳೆಯ ಸಂಚಿಕೆಗಳನ್ನು ತೆರೆದು ತೋರಿಸಿದರು. ‘ಹುಬ್ಳಿ ಪ್ಲೇಗ್’ ಎಂದು ಇಂಗ್ಲಿಷಿನಲ್ಲಿ ಹಾಕಿದರೆ ರಾಶಿ ರಾಶಿ ಫಲಿತಾಂಶಗಳು. ಅರ್ಧಕ್ಕರ್ಧ ಪುಣೆಯದು, ಮುಂಬೈಯದು. ಇದರಲ್ಲಿ ದಾರಿ ಕಂಡುಕೊಳ್ಳುವುದು ಹೇಗೆ? ಕನ್ನಡ ಪತ್ರಿಕೆಗಳನ್ನೂ ಹೀಗೆಯೇ ಹುಡುಕಲು ಬರುತ್ತದೆಯೇ?

ಪಾವಟೆನಗರ ಓದುಗ

ಮೇಡಂ, ಮೊದಲು ‘ಪ್ಲೇಗ್’ ಎಂಬ ಪದವನ್ನು ಹುಡುಕಾಟದಿಂದ ತೆಗೆದುಬಿಡಿ. ಆ ವರ್ಷದ ಮುಂಬೈ ಪತ್ರಿಕೆಗಳಲ್ಲಿ ಪ್ಲೇಗಿನ ಸುದ್ದಿ ಇಲ್ಲದ ದಿನ ಸಿಗುವುದೇ ಅಪರೂಪ. ಆ ಪದದಿಂದ ಜಳ್ಳು ಕಾಳು ಬೇರೆಯಾಗುವುದಿಲ್ಲ. ಊರಿನ ಹೆಸರಿನ ಜೊತೆಗೆ ‘ಇನಾಕ್ಯುಲೇಶನ್’ (ಲಸಿಕೆ ಹಾಕುವುದು), ‘ಹಾಫ್ಕಿನ್’, ‘ಸೆಗ್ರಿಗೇಶನ್’ (ಜನರನ್ನು ಬೇರ್ಪಡಿಸಿ ಇಡುವುದು), ‘ಕ್ಯಾಂಪ್’ ಇವುಗಳಲ್ಲಿ ಒಂದೊಂದನ್ನೇ ಹಾಕಿ ನೋಡಿ. ನಿಮ್ಮ ಸಹೋದ್ಯೋಗಿ ತೋರಿಸಿದ್ದು ಪ್ರೊಕ್ವೆಸ್ಟ್ ಕಂಪನಿಯ ಗಣಕೀಕೃತ ಸಂಗ್ರಹವಾಗಿದ್ದರೆ ಎರಡು ಪದಗಳ ನಡುವೆ ದೊಡ್ಡ ಅಕ್ಷರದಲ್ಲಿ ‘ನಿಯರ್’ ಎಂದು ಬರೆದು, ಓರೆಗೆರೆ ಎಳೆದು, 10 ಎಂದು ಹಾಕಿ. ಆಗ ಆ ಎರಡು ಪದಗಳು ಹತ್ತು ಪದಗಳ ಅಂತರದೊಳಗೆ ಇರುವ ಸುದ್ದಿಗಳು ಮಾತ್ರ ಬರುತ್ತವೆ. ಪುಣೆಯ ಕಾಟ ಬಹುಪಾಲು ಅಲ್ಲಿಯೇ ಕಳೆಯುತ್ತದೆ.

ಇನ್ನೊಂದು ಉಪಾಯ. ಹುಬ್ಬಳ್ಳಿಯ ಸುದ್ದಿ ಅನೇಕ ಸಲ ಹುಬ್ಬಳ್ಳಿಯ ಹೆಸರಿನಲ್ಲಿ ಇರುವುದಿಲ್ಲ. ಊರಿನಲ್ಲಿ ಆಗ ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆ ಇತ್ತು. ಮುಂಬೈಯ ಓದುಗರಿಗೆ ಹುಬ್ಬಳ್ಳಿ ಎಂದರೆ ರೈಲ್ವೆ ಮತ್ತು ಹತ್ತಿ, ಅಷ್ಟೇ. ಆದ್ದರಿಂದ ರೈಲ್ವೆ ಕಂಪನಿಯ ಹೆಸರಿನಿಂದ ಹುಡುಕಿ. ‘ಧಾರವಾರ್’ ಜಿಲ್ಲೆಯ ಹೆಸರಿನಿಂದಲೂ ಹುಡುಕಿ. ಅಂದಿನ ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ‘ಡಿ’ ಅಲ್ಲ, ‘ಆರ್’ ಎಂಬುದು ನಿಮಗೆ ಗೊತ್ತೇ ಇದೆ.

ಕಾಗುಣಿತದ ಗೋಳು 1898ಕ್ಕೆ ಅಷ್ಟಿಲ್ಲ. ಅದಕ್ಕೂ ನಲವತ್ತು ವರ್ಷ ಹಿಂದೆ ಹೋದರೆ ತಲೆ ಕೆಡುತ್ತದೆ. ನಾನು 1858ರ ನರಗುಂದ ಬಂಡಾಯದ ಮೇಲೆ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ನರಗುಂದ ಎಂಬುದು ‘ಯು’ ಮತ್ತು ‘ಡಬಲ್ ಓ’ ಹಾಕಿಕೊಂಡು ‘ನರ್ಗೂಂದ್’ ಆಗಿ ಕುಳಿತಿದೆ. ಪತ್ರಿಕೆಯ ಹೆಸರೂ ಆಗ ಟೈಮ್ಸ್ ಆಫ್ ಇಂಡಿಯಾ ಅಲ್ಲ. 1838ರಲ್ಲಿ ಬಾಂಬೆ ಟೈಮ್ಸ್ ಎಂದು ಹುಟ್ಟಿದ್ದು 1861ರಲ್ಲಿ ಹೆಸರು ಬದಲಿಸಿಕೊಂಡಿತು. ಊರಿನ ಹೆಸರಿನ ಬದಲು ಸುರೇಬಾನದಲ್ಲಿ ಹತನಾದ ಅಧಿಕಾರಿ ಮ್ಯಾನ್ಸನ್‌ನ ಹೆಸರು ಹಾಕಿದಾಗಲೇ ಬಾಗಿಲು ತೆರೆದದ್ದು. ಬ್ರಿಟಿಷ್ ಅಧಿಕಾರಿಯ ಹೆಸರಿಗೆ ಕಾಗುಣಿತ ಒಂದೇ, ನಮ್ಮ ಊರುಗಳಿಗೆ ಹತ್ತು!

ಸಾಧನಕೇರಿ ಸಂಜೆ

ಇದೇ ನನ್ನ ತಕರಾರು. ಊರು ಖಾಲಿ ಮಾಡಿ ಹೊಲಕ್ಕೆ ಹೋದವರ ಕಥೆಯನ್ನು ಮುಂಬೈಯ ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕುವುದೇ ತಿರುಗುಮುರುಗು ಕೆಲಸ. ಅದು ಕಲೆಕ್ಟರ್ ಸಾಹೇಬರ ಕಣ್ಣು. ಅಲ್ಲಿ ಜನ ಎಂದರೆ ‘ಇಂತಿಷ್ಟು ಪ್ರಕರಣ, ಇಂತಿಷ್ಟು ಸಾವು’. ಕಂಪ್ಯೂಟರಿನಲ್ಲಿ ಸುಲಭವಾಗಿ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನೇ ಇತಿಹಾಸ ಎಂದು ಬರೆಯುವವರು ಈಗ ಹೆಚ್ಚಾಗಿದ್ದಾರೆ.

ಹಳೆಯ ಕಪಾಟು

ಸಾಧನಕೇರಿಯವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಗ್ರಂಥಾಲಯದ ನಿಯತಕಾಲಿಕ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು, ಆ ಅನುಭವದಿಂದ ಹೇಳುತ್ತೇನೆ.

ಇಂಗ್ಲಿಷ್ ಪತ್ರಿಕೆಯ ಗಣಕೀಕೃತ ಸಂಗ್ರಹದಿಂದ ಕಥೆ ಕೇಳಬೇಡಿ, ತಾರೀಖು ಕೇಳಿ. ಕನ್ನಡ ಪತ್ರಿಕೆಗಳ ಹಳೆಯ ಕಡತಗಳಿಗೆ ಪದ ಹಾಕಿ ಹುಡುಕುವ ವ್ಯವಸ್ಥೆ ಬಹುತೇಕ ಇಲ್ಲ. ಸಂಪುಟ ತೆಗೆದು ಪುಟ ಪುಟ ತಿರುವಬೇಕು. ಒಂದು ವರ್ಷದ ಸಂಪುಟವನ್ನು ಸುಮ್ಮನೆ ತಿರುವುತ್ತಾ ಹೋದರೆ ಮೂರನೆಯ ದಿನಕ್ಕೆ ಕಣ್ಣೂ ಹೋಗುತ್ತದೆ, ಹುಮ್ಮಸ್ಸೂ ಹೋಗುತ್ತದೆ. ‘ಜೂನ್ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ ನೋಡಬೇಕು’ ಎಂದು ಚೀಟಿ ಬರೆದುಕೊಂಡು ಬಂದವರಿಗೆ ಮಾತ್ರ ಕೆಲಸ ಆಗುತ್ತದೆ. ಆ ಚೀಟಿಯನ್ನು ಬರೆದುಕೊಡುವುದು ಮುಂಬೈ ಪತ್ರಿಕೆಯ ಕೆಲಸ. ಆ ದಿನಗಳಲ್ಲಿ ಪ್ಲೇಗಿನ ಅಂಕಿಸಂಖ್ಯೆಗಳು ಊರುವಾರು ಅಚ್ಚಾಗುತ್ತಿದ್ದವು. ಹುಬ್ಬಳ್ಳಿಯ ಅಂಕಿ ಏರಿದ್ದು ಯಾವ ವಾರ, ಇಳಿದದ್ದು ಯಾವ ವಾರ ಎಂದು ಗುರುತು ಹಾಕಿಕೊಳ್ಳಿ. ಜನ ಊರು ಬಿಟ್ಟದ್ದು ಹೆಚ್ಚು ಕಡಿಮೆ ಆ ಏರಿಕೆಯ ಆಸುಪಾಸಿನಲ್ಲಿಯೇ ಇರಬೇಕು.

ಪ್ರವೇಶದ ವಿಷಯ. ಯಾವ ವಿಶ್ವವಿದ್ಯಾಲಯ ಯಾವ ಸಂಗ್ರಹಕ್ಕೆ ಚಂದಾ ಕಟ್ಟಿದೆ ಎಂಬುದು ವರ್ಷ ವರ್ಷಕ್ಕೂ ಬದಲಾಗುತ್ತದೆ. ಹೋದ ವರ್ಷ ಇದ್ದದ್ದು ಈ ವರ್ಷ ಇರಲಾರದು. ಆದ್ದರಿಂದ ಹೋಗುವ ಮೊದಲು ಗ್ರಂಥಾಲಯದ ಜಾಲತಾಣದಲ್ಲಿ ಇ-ಸಂಪನ್ಮೂಲಗಳ ಪಟ್ಟಿ ನೋಡಿ, ಇಲ್ಲವೇ ಫೋನ್ ಮಾಡಿ ಕೇಳಿ. 2025ರ ಜನವರಿಯಿಂದ ಬಂದಿರುವ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ ಎಲ್ಲವೂ ಸಿಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. ಅದು ಮುಖ್ಯವಾಗಿ ಸಂಶೋಧನಾ ನಿಯತಕಾಲಿಕಗಳಿಗಾಗಿ ಇರುವುದು. ಹಳೆಯ ದಿನಪತ್ರಿಕೆಗಳ ಆಸೆಯನ್ನು ಅದರ ಮೇಲೆ ಇಡಬೇಡಿ.

ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಸಂಸ್ಥೆಯಾದ ಇನ್‌ಫ್ಲಿಬ್‌ನೆಟ್‌ನ ಇನ್‌ಫೆಡ್ ಮೂಲಕ ಮನೆಯಿಂದಲೇ ಒಳಹೋಗುವ ಸೌಲಭ್ಯ ಅನೇಕ ಕಡೆ ಇದೆ. ಹೊರಗಿನವರಿಗೆ ಹೆಚ್ಚೆಂದರೆ ಗ್ರಂಥಾಲಯದ ಒಳಗಿನ ಕಂಪ್ಯೂಟರಿನಲ್ಲಿ ಕೂರಲು ಅನುಮತಿ ಸಿಗಬಹುದು. ಶಾಲೆಯ ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ತನ್ನಿ. ಪತ್ರದಲ್ಲಿ ‘ಸಂಶೋಧನೆಗಾಗಿ’ ಎಂದಷ್ಟೇ ಬರೆಯದೆ ವಿಷಯ, ಕಾಲಾವಧಿ, ನೋಡಬೇಕಾದ ಪತ್ರಿಕೆ ಮೂರನ್ನೂ ಬರೆಯಿಸಿ. ಮೇಜಿನ ಆಚೆಗೆ ಕುಳಿತವರಿಗೆ ಅಷ್ಟು ಸಾಕು, ನೀವು ಕೆಲಸದವರು ಎಂದು ತಿಳಿಯುತ್ತದೆ. ಸಹೋದ್ಯೋಗಿಯ ಪಾಸ್‌ವರ್ಡ್ ಪಡೆದು ನೀವೇ ಕೂರುವುದು ಬೇಡ. ಒಂದೇ ಖಾತೆಯಿಂದ ನೂರಾರು ಪುಟ ಒಮ್ಮೆಲೇ ಇಳಿಸಿಕೊಂಡರೆ ಕಂಪನಿಯವರು ಇಡೀ ಆವರಣದ ಸಂಪರ್ಕವನ್ನೇ ತಡೆಯುವುದುಂಟು. ಆಗ ಬೈಗುಳ ತಿನ್ನುವವರು ಗ್ರಂಥಾಲಯದವರು.

ವರದಾ ತೀರ

ಒಂದು ಗ್ರಂಥಾಲಯದಲ್ಲಿ ಪತ್ರ ಕೊಟ್ಟರೂ ‘ಹೊರಗಿನವರಿಗೆ ಇಲ್ಲ’ ಎಂದು ಬಾಗಿಲಲ್ಲಿಯೇ ನಿಲ್ಲಿಸಿದ್ದರು. ಹೆಸರು ಹೇಳುವುದಿಲ್ಲ. ಹಾವೇರಿಯಿಂದ ಬೆಳಿಗ್ಗೆ ಎದ್ದು ಬಂದವನಿಗೆ ಆ ಉತ್ತರ ಎಷ್ಟು ರುಚಿಸುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಹಳೆಯ ಕಪಾಟು

ಮಾಸ್ತರರೇ, ಅದು ತಪ್ಪಲ್ಲ, ಆದರೆ ಸರಿಯೂ ಅಲ್ಲ. ಮುಂದಿನ ಸಲ ಬರುವ ಮೊದಲು ಗ್ರಂಥಪಾಲಕರ ಹೆಸರಿಗೇ ಇಮೇಲ್ ಕಳುಹಿಸಿ, ಉತ್ತರದ ಮುದ್ರಿತ ಪ್ರತಿ ಕೈಯಲ್ಲಿ ಹಿಡಿದು ಬನ್ನಿ. ಬಾಗಿಲಲ್ಲಿ ಇರುವವರಿಗೆ ಮೇಲಿನವರ ಕಾಗದ ಬೇಕು, ಅಷ್ಟೇ.

ಕಪ್ಪತಗುಡ್ಡ

ಗದಗಿನವನು, ವೃತ್ತಿಯಿಂದ ಸಾಫ್ಟ್‌ವೇರ್. ಕನ್ನಡ ಪತ್ರಿಕೆಗಳಲ್ಲಿ ಹುಡುಕಲು ಏಕೆ ಬರುವುದಿಲ್ಲ ಎಂಬುದಕ್ಕೆ ತಾಂತ್ರಿಕ ಉತ್ತರ ಕೊಡುತ್ತೇನೆ. ಸ್ಕ್ಯಾನ್ ಮಾಡಿದ ಪುಟ ಬರೀ ಚಿತ್ರ. ಅದನ್ನು ಓದಿ ಅಕ್ಷರಗಳನ್ನಾಗಿ ಮಾಡುವ ತಂತ್ರಾಂಶಕ್ಕೆ ಓಸಿಆರ್ ಎನ್ನುತ್ತೇವೆ. ಇಂದಿನ ಶುದ್ಧ ಮುದ್ರಣದ ಕನ್ನಡ ಪುಸ್ತಕವನ್ನು ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಚೆನ್ನಾಗಿಯೇ ಓದುತ್ತದೆ, ಗೂಗಲ್ ಡ್ರೈವ್ ಕೂಡ ಓದುತ್ತದೆ. ಹಳೆಯ ಪತ್ರಿಕೆಯ ಮುಂದೆ ಎರಡೂ ಕೈಚೆಲ್ಲುತ್ತವೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಸವೆದ ಮೊಳೆಯಲ್ಲಿ ದೀರ್ಘ ಮುರಿದಿರುತ್ತದೆ, ತಲೆಕಟ್ಟು ಹಾರಿರುತ್ತದೆ. ಕಾಗದ ಉಳಿಸಲು ಸಾಲುಗಳನ್ನು ಒತ್ತಿ ಒತ್ತಿ ಜೋಡಿಸಿರುತ್ತಾರೆ, ಹೀಗಾಗಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಯಂತ್ರ ಎರಡನ್ನೂ ಸೇರಿಸಿ ಮೂರನೆಯದೊಂದನ್ನು ಓದುತ್ತದೆ. ಅಂಕಣಗಳ ನಡುವಿನ ಗೆರೆ ಮಾಸಿದ್ದರೆ ಎಡ ಅಂಕಣದ ಅರ್ಧ ವಾಕ್ಯಕ್ಕೆ ಬಲ ಅಂಕಣದ ಜಾಹೀರಾತು ಅಂಟಿಕೊಳ್ಳುತ್ತದೆ.

ಇಂಗ್ಲಿಷಿನಲ್ಲಿಯೂ ಇದೆಲ್ಲ ಇದೆ ಎಂಬುದನ್ನು ಮರೆಯಬೇಡಿ. ಮೈಕ್ರೋಫಿಲ್ಮಿನಿಂದ ಸ್ಕ್ಯಾನ್ ಆದ ಪುಟಗಳಲ್ಲಿ ಹುಬ್ಬಳ್ಳಿಯ ‘ಯು’ ಅಕ್ಷರ ‘ಎನ್’ ಆಗಿ, ‘ಎಲ್’ ಅಕ್ಷರ ‘ಐ’ ಆಗಿ ಕೂತಿರುತ್ತದೆ. ಪ್ರೊಕ್ವೆಸ್ಟಿನಲ್ಲಿ ಒಂದು ಅಕ್ಷರದ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಅಲ್ಲಿ ಯಾವ ಅಕ್ಷರ ಇದ್ದರೂ ಹಿಡಿಯುತ್ತದೆ. ಊರಿನ ಹೆಸರಿನ ಎರಡನೆಯ ಅಕ್ಷರಕ್ಕೆ ಅದನ್ನು ಹಾಕಿ ನೋಡಿ.

ಪರಿಹಾರ? ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಜಾಲತಾಣ ನೋಡಿ. ಹಳೆಯ ಪತ್ರಿಕೆಗಳು ಉಚಿತ, ಮೇಲಾಗಿ ಯಂತ್ರ ತಪ್ಪಾಗಿ ಓದಿದ ಸಾಲನ್ನು ಓದುಗರೇ ತಿದ್ದಬಹುದು. ನಮ್ಮಲ್ಲಿಯೂ ವಿಕಿಸೋರ್ಸ್‌ನಲ್ಲಿ ಪುಸ್ತಕಗಳ ಕರಡು ತಿದ್ದುವವರಿದ್ದಾರೆ. ಪತ್ರಿಕೆಗಳಿಗೂ ಹಾಗೆ ಮಾಡಿದರೆ ಐದಾರು ವರ್ಷಗಳಲ್ಲಿ ಧಾರವಾಡದ ಎಲ್ಲ ಹಳೆಯ ಪತ್ರಿಕೆಗಳು ಬೆರಳ ತುದಿಗೆ ಬರುತ್ತವೆ. ಮೊದಲು ಸ್ಕ್ಯಾನ್ ಆಗಲಿ, ಉಳಿದದ್ದು ಆಮೇಲೆ.

ಹಳೆಯ ಕಪಾಟು

ಐದಾರು ವರ್ಷ! ನಿಮ್ಮ ಉತ್ಸಾಹ ನೋಡಿ ಸಂತೋಷವಾಯಿತು. ಆದರೆ ಮೊದಲು ಸ್ಕ್ಯಾನ್ ಅಲ್ಲ ಸರ್, ಮೊದಲು ಪಟ್ಟಿ. ಯಾವ ಪತ್ರಿಕೆಯ ಯಾವ ವರ್ಷದ ಸಂಚಿಕೆಗಳು ಯಾವ ಮನೆಯಲ್ಲಿ, ಯಾವ ಮಠದಲ್ಲಿ, ಯಾವ ವಾಚನಾಲಯದಲ್ಲಿ ಇವೆ ಎಂಬ ಒಂದು ಸಮಗ್ರ ಪಟ್ಟಿಯೇ ಇಲ್ಲದೆ ಸ್ಕ್ಯಾನರ್ ತಂದು ಇಟ್ಟರೆ ಇದ್ದ ಸಂಪುಟವನ್ನೇ ಇನ್ನೊಮ್ಮೆ ಸ್ಕ್ಯಾನ್ ಮಾಡುತ್ತೀರಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಪತ್ರಿಕಾ ಕಾಗದ ಮರದ ತಿರುಳಿನದು, ಅದರಲ್ಲಿ ಆಮ್ಲದ ಅಂಶವಿದೆ. ಮಡಿಕೆ ಬಿಚ್ಚಿದರೆ ಪುಡಿ ಬೀಳುತ್ತದೆ. ಎರಡನೆಯ ಸಲ ಬಿಚ್ಚುವ ಅವಕಾಶ ಕೆಲವು ಸಂಪುಟಗಳಿಗೆ ಇಲ್ಲವೇ ಇಲ್ಲ.

ಕಪ್ಪತಗುಡ್ಡ

ಪಟ್ಟಿ ಮುಗಿಯುವವರೆಗೆ ಕಾಯುತ್ತಾ ಕುಳಿತರೆ ಪುಡಿಯೂ ಉಳಿಯುವುದಿಲ್ಲ ಸರ್. ಬೆಂಗಳೂರಿನಲ್ಲಿ ಸ್ವಯಂಸೇವಕರು ಹಳೆಯ ಕನ್ನಡ ಪುಸ್ತಕ, ನಿಯತಕಾಲಿಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸುತ್ತಲೇ ಇದ್ದಾರೆ. ಎರಡು ಸಲ ಆದರೆ ಆಗಲಿ.

ದುರ್ಗದಬೈಲು

ನಿಮ್ಮಿಬ್ಬರ ಜಗಳ ಮುಂದುವರಿಯಲಿ, ನನಗೆ ಅದರಿಂದಲೂ ಲಾಭವೇ. ಪಾವಟೆನಗರದ ಓದುಗರು ಹೇಳಿದಂತೆ ‘ಪ್ಲೇಗ್’ ತೆಗೆದು ರೈಲ್ವೆಯ ಹೆಸರು ಹಾಕಿಸಿದೆ. ಫಲಿತಾಂಶ ಎಷ್ಟೋ ಹಿಡಿತಕ್ಕೆ ಬಂದಿತು. ಈಗ ಹೊಸ ತೊಡಕು. ಕೆಲವು ಸುದ್ದಿಗಳಲ್ಲಿ ತಾರೀಖಿನ ಮುಂದೆ ‘ಅಲ್ಟ್.’, ಇನ್ನು ಕೆಲವದರಲ್ಲಿ ‘ಇನ್‌ಸ್ಟ್.’ ಎಂದಿದೆ. ತಿಂಗಳ ಹೆಸರಿಲ್ಲ. ಪತ್ರಿಕೆಯ ದಿನಾಂಕವನ್ನೇ ಘಟನೆಯ ದಿನಾಂಕ ಎಂದು ತೆಗೆದುಕೊಳ್ಳಬಹುದೇ?

ಪಾವಟೆನಗರ ಓದುಗ

ಖಂಡಿತ ಬೇಡ. ‘ಅಲ್ಟ್.’ ಎಂದರೆ ಹಿಂದಿನ ತಿಂಗಳು, ‘ಇನ್‌ಸ್ಟ್.’ ಎಂದರೆ ಅದೇ ತಿಂಗಳು. ಜುಲೈ ಸಂಚಿಕೆಯಲ್ಲಿ ‘28 ಅಲ್ಟ್.’ ಎಂದಿದ್ದರೆ ಅದು ಜೂನ್ 28. ಸುದ್ದಿಯ ಮೇಲೆ ‘ಹುಬ್ಳಿ’ ಎಂದು ಬರೆದು ಪಕ್ಕದಲ್ಲಿ ಒಂದು ತಾರೀಖು ಇದ್ದರೆ ಅದು ಬಾತ್ಮೀದಾರ ಕಾಗದ ಬರೆದ ದಿನ. ಘಟನೆ ಅದಕ್ಕೂ ಮೊದಲಿನದು. ತಂತಿಯಲ್ಲಿ ಬಂದ ಸುದ್ದಿ ಮರುದಿನವೇ ಅಚ್ಚಾಗಬಹುದು, ಟಪಾಲಿನಲ್ಲಿ ಬಂದ ಕಾಗದಕ್ಕೆ ಕೆಲವು ದಿನ ಹಿಡಿಯುತ್ತದೆ. ಹೀಗಾಗಿ ಒಂದೇ ವಿಷಯ ಬೇರೆ ಬೇರೆ ದಿನ ಎರಡು ಸಲ ಬಂದು ಎರಡು ಘಟನೆಗಳಂತೆ ಕಾಣುತ್ತದೆ. ನನ್ನ ನರಗುಂದದ ವಿಷಯದಲ್ಲಿ ಇನ್ನೂ ವಿಚಿತ್ರ. ಲಂಡನ್ ಪತ್ರಿಕೆಗಳಿಗೆ ಸುದ್ದಿ ಹಡಗಿನಲ್ಲಿ ಹೋಗಬೇಕಾಗಿತ್ತು. 1858ರ ಮೇ ಕೊನೆಯಲ್ಲಿ ಇಲ್ಲಿ ನಡೆದದ್ದನ್ನು ಅಲ್ಲಿಯವರು ಓದುವ ಹೊತ್ತಿಗೆ ಇಲ್ಲಿ ನರಗುಂದದ ಅರಸ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ ಆಗಿತ್ತು.

ಇನ್ನೊಂದು. ಸುದ್ದಿಯ ತುಣುಕನ್ನು ಮಾತ್ರ ಇಳಿಸಿಕೊಳ್ಳಬೇಡಿ, ಇಡೀ ಪುಟವನ್ನು ಇಳಿಸಿಕೊಳ್ಳಿ. ಪಕ್ಕದ ಅಂಕಣದಲ್ಲಿ ಏನಿದೆ ಎಂಬುದು ಆಮೇಲೆ ಬೇಕಾಗುತ್ತದೆ. ದಿನಾಂಕ, ಪುಟ, ಅಂಕಣ ಮೂರನ್ನೂ ಅಲ್ಲಿಯೇ ಬರೆದುಕೊಳ್ಳಿ. ಕೊಂಡಿ ಉಳಿಸುವಾಗ ಬ್ರೌಸರಿನ ಮೇಲಿನ ವಿಳಾಸವನ್ನು ನಕಲು ಮಾಡಿದರೆ ಮರುದಿನ ಅದು ತೆರೆಯುವುದಿಲ್ಲ. ದಾಖಲೆಯ ಕೆಳಗೆ ಶಾಶ್ವತ ಕೊಂಡಿ ಪ್ರತ್ಯೇಕವಾಗಿ ಇರುತ್ತದೆ.

ವರದಾ ತೀರ

ನಾನು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವರ ಬಗ್ಗೆ ಹುಡುಕುತ್ತಿದ್ದೇನೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರೂ ತಿರಕಪ್ಪ ಮಡಿವಾಳರೂ ವೀರಯ್ಯ ಹಿರೇಮಠರೂ ಗುಂಡಿಗೆ ಬಲಿಯಾದರು. ನಮ್ಮ ಜಿಲ್ಲೆಯಲ್ಲಿ ಮಗುವಿಗೂ ಗೊತ್ತಿರುವ ಘಟನೆ ಇದು. ಇಂಗ್ಲಿಷ್ ಸಂಗ್ರಹದಲ್ಲಿ ಆ ವಾರ ನೋಡಿದರೆ ಪುಟ ತುಂಬ ಯುದ್ಧದ ಸುದ್ದಿ. ಹೊಸರಿತ್ತಿ ಎಂದು ಹಾಕಿದರೆ ‘ಫಲಿತಾಂಶ ಇಲ್ಲ’. ಯುದ್ಧಕಾಲದ ಸೆನ್ಸಾರ್ ಇತ್ತು ಎಂಬುದು ಗೊತ್ತಿದ್ದರೂ ಆ ಎರಡು ಪದ ನೋಡಿ ಸಿಟ್ಟು ಬಂತು. ಪರದೆಯ ಮೇಲೆ ಬಾರದ್ದು ನಡೆದೇ ಇಲ್ಲ ಎಂದು ನಂಬುವ ಪೀಳಿಗೆ ಬರುತ್ತಿದೆ, ಅದೇ ನನ್ನ ಭಯ.

ಹಳೆಯ ಕಪಾಟು

ಮಾಸ್ತರರೇ, ಊರಿನ ಹೆಸರು ಬಿಟ್ಟು ‘ಧಾರವಾರ್ ಜಿಲ್ಲೆ’ ಎಂದು ಹುಡುಕಿ. ಹಾವೇರಿ ಆಗ ಧಾರವಾಡ ಜಿಲ್ಲೆಯ ತಾಲ್ಲೂಕು. ಸೆನ್ಸಾರ್ ಕಾಲದ ಸುದ್ದಿ ಎರಡೇ ಸಾಲಿನ ಸರ್ಕಾರಿ ಪ್ರಕಟಣೆಯಾಗಿ, ಹೆಸರಿಲ್ಲದೆ ಬಂದಿರಬಹುದು. ಅದೂ ಸಿಗದಿದ್ದರೆ ಪತ್ರಿಕೆ ಬಿಟ್ಟು ಪೊಲೀಸ್ ಮತ್ತು ಗೃಹ ಇಲಾಖೆಯ ಕಡತಗಳಿಗೆ ಹೋಗಿ. ಮುಂಬೈ ಪ್ರಾಂತ್ಯದ ದಾಖಲೆಗಳು ಮುಂಬೈಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ ಜಾಲತಾಣದಲ್ಲಿ ಕೇಂದ್ರ ಗೃಹ ಇಲಾಖೆಯ ಅನೇಕ ಕಡತಗಳನ್ನು ಮನೆಯಿಂದಲೇ ನೋಡಬಹುದು. ಪತ್ರಿಕೆಯವರ ಬಾಯಿ ಕಟ್ಟಿದವರು ತಮ್ಮ ಕಡತದಲ್ಲಿ ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತಾರೆ.

ಇದೇ ಮಾತು ಪ್ಲೇಗಿಗೂ ಅನ್ವಯಿಸುತ್ತದೆ. ದುರ್ಗದಬೈಲಿನ ಮೇಡಂ ಅವರಿಗೆ ನಿಜವಾಗಿ ಬೇಕಾದದ್ದು ಇಲ್ಲಿದೆ. ಸರ್ಕಾರ ದೇಶಭಾಷೆಯ ಪತ್ರಿಕೆಗಳನ್ನು ಓದಿಸಿ, ಮುಖ್ಯವಾದದ್ದನ್ನು ಇಂಗ್ಲಿಷಿಗೆ ಅನುವಾದಿಸಿ, ವಾರವಾರವೂ ಗುಪ್ತ ವರದಿಯೊಂದನ್ನು ಮುದ್ರಿಸುತ್ತಿತ್ತು. ‘ರಿಪೋರ್ಟ್ ಆನ್ ನೇಟಿವ್ ಪೇಪರ್ಸ್’ ಎಂದು ಅದಕ್ಕೆ ಹೆಸರು. ಅದರ ಮೊದಲಿಗೆ ಆ ವಾರ ಓದಿದ ಪತ್ರಿಕೆಗಳ ಪಟ್ಟಿ ಇರುತ್ತದೆ: ಯಾವ ಊರು, ಯಾವ ಭಾಷೆ, ಸಂಪಾದಕ ಯಾರು, ಎಷ್ಟು ಪ್ರತಿ. ಧಾರವಾಡದ ಪತ್ರಿಕೆಗಳೂ ಅದರಲ್ಲಿ ಬರುತ್ತವೆ. ಮೂಲ ಸಂಚಿಕೆ ಎಲ್ಲಿಯೂ ಉಳಿಯದಿದ್ದರೂ ಅದರ ನಾಲ್ಕು ಸಾಲು ಸಾರಾಂಶ ಸರ್ಕಾರದ ವರದಿಯಲ್ಲಿ ಉಳಿದಿರುತ್ತದೆ. ಮನೆ ತಪಾಸಣೆ, ಆಸ್ಪತ್ರೆಗೆ ಎಳೆದೊಯ್ಯುವುದು, ಲಸಿಕೆ ಇವುಗಳ ಬಗ್ಗೆ ಜನರ ದೂರುಗಳನ್ನು ಸರ್ಕಾರ ಆ ಕಾಲದಲ್ಲಿ ಬಹಳ ಎಚ್ಚರದಿಂದ ಗಮನಿಸುತ್ತಿತ್ತು. 1897ರ ಜೂನಿನಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಗುಂಡು ಹಾರಿದ ಮೇಲಂತೂ ಕೇಳುವುದೇ ಬೇಡ.

ಸಾಧನಕೇರಿ ಸಂಜೆ

ಅಂದರೆ ನಮ್ಮವರ ಮಾತನ್ನು ಕೇಳಲು ಅವರ ಗೂಢಚಾರರ ಟಿಪ್ಪಣಿಯನ್ನೇ ಓದಬೇಕು! ಅನುವಾದಕ ಯಾವುದನ್ನು ಬಿಟ್ಟ, ಯಾವುದಕ್ಕೆ ಖಾರ ಹಚ್ಚಿದ ಎಂಬುದು ತಿಳಿಯುವುದು ಹೇಗೆ?

ಹಳೆಯ ಕಪಾಟು

ತಿಳಿಯುವುದಿಲ್ಲ, ಮೂಲ ಸಿಗುವವರೆಗೆ. ಅದಕ್ಕಾಗಿಯೇ ತಾರೀಖಿನ ಚೀಟಿ ಹಿಡಿದು ಕನ್ನಡ ಕಡತಗಳ ಬಳಿಗೆ ಬರಬೇಕು ಎಂದು ಹಾಡಿದ್ದೇ ಹಾಡುತ್ತಿದ್ದೇನೆ.

ವಕೀಲರ ಓಣಿ

ನಡುವೆ ಒಂದು ಕಾನೂನಿನ ಮಾತು, ಪುಸ್ತಿಕೆ ಅಚ್ಚಾಗುವುದಿದ್ದರೆ ಬೇಕಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕರ ಹೆಸರಿಲ್ಲದ ಬರಹಕ್ಕೆ ಪ್ರಕಟಣೆಯ ನಂತರ 60 ವರ್ಷ, ಹೆಸರಿರುವ ಬರಹಕ್ಕೆ ಲೇಖಕರ ಮರಣಾನಂತರ 60 ವರ್ಷ ಹಕ್ಕು ಇರುತ್ತದೆ. 1898ರ ಸುದ್ದಿಯನ್ನು ಧಾರಾಳವಾಗಿ ಉದ್ಧರಿಸಿ. ಆದರೆ ಚಂದಾ ಸಂಗ್ರಹದಿಂದ ಇಳಿಸಿಕೊಂಡ ಪುಟದ ಚಿತ್ರವನ್ನು ಹಾಗೆಯೇ ಅಚ್ಚು ಹಾಕುವುದು ಬೇರೆ ವಿಷಯ. ಅಲ್ಲಿ ಗ್ರಂಥಾಲಯ ಮತ್ತು ಕಂಪನಿಯ ನಡುವಿನ ಒಪ್ಪಂದ ಬರುತ್ತದೆ. ಚಿತ್ರ ಬೇಕಿದ್ದರೆ ಗ್ರಂಥಪಾಲಕರನ್ನು ಕೇಳಿ ಮುಂದುವರಿಯಿರಿ.

ಕಪ್ಪತಗುಡ್ಡ

ಚಂದಾ ಇಲ್ಲದವರಿಗೂ ದಾರಿಗಳಿವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಬ್ರಿಟಿಷ್ ಭಾರತದ ವೈದ್ಯಕೀಯ ಇತಿಹಾಸದ ದಾಖಲೆಗಳನ್ನು ಉಚಿತವಾಗಿ ತೆರೆದಿಟ್ಟಿದೆ, ಪ್ಲೇಗಿನ ಸರ್ಕಾರಿ ವರದಿಗಳು ಅದರಲ್ಲಿವೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಹಳೆಯ ಸಂಚಿಕೆಗಳು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತ. ಹಾಫ್ಕಿನ್ ಹೆಸರು ಹಾಕಿ 1898, 1899 ನೋಡಿ. ದಕ್ಷಿಣ ಏಷ್ಯಾ ಓಪನ್ ಆರ್ಕೈವ್ಸ್ ಕೂಡ ಉಚಿತವೇ, ಜೆಸ್ಟೋರ್ ಜಾಲತಾಣದೊಳಗೆ ಇದೆ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ಗೆ ಹಣ ಕಟ್ಟಬೇಕು, ಆದರೆ ಹುಡುಕಿ ಶೀರ್ಷಿಕೆ ಮತ್ತು ತಾರೀಖು ನೋಡುವುದಕ್ಕೆ ಹಣ ಬೇಡ. ಹಳೆಯ ಕಪಾಟಿನವರ ಚೀಟಿಗೆ ಅಷ್ಟು ಸಾಕಲ್ಲವೇ?

ಹಳೆಯ ಕಪಾಟು

ಸಾಕು! ಕೊನೆಗೂ ಒಂದು ಮಾತಿಗೆ ಒಪ್ಪಿದಿರಿ.

ಲಕ್ಕುಂಡಿ ರಸ್ತೆ

ತಡವಾಗಿ ಬಂದೆ. ಗದಗ ಬಳಿಯ ಕಣಗಿನಹಾಳದ 1905ರ ಸಹಕಾರ ಸಂಘದ ಬಗ್ಗೆ ಇದೇ ಸಂಗ್ರಹಗಳಲ್ಲಿ ಏನಾದರೂ ಸಿಗಬಹುದೇ? ಊರಿನ ಹೆಸರು ಹಾಕಿದರೆ ಏನೂ ಬರುತ್ತಿಲ್ಲ.

ಪಾವಟೆನಗರ ಓದುಗ

ಊರು ಬಿಡಿ, ಕಾಯಿದೆ ಹಿಡಿಯಿರಿ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯ ಇಂಗ್ಲಿಷ್ ಹೆಸರನ್ನು ‘ಧಾರವಾರ್’ ಜೊತೆ ಹಾಕಿ, 1905ರಿಂದ 1910ರವರೆಗೆ ಮಿತಿ ಇಡಿ. ರಿಜಿಸ್ಟ್ರಾರರ ವಾರ್ಷಿಕ ವರದಿಯ ಮೇಲಿನ ಸಂಪಾದಕೀಯಗಳು ಮೊದಲು ಬರುತ್ತವೆ. ಅಲ್ಲಿಂದ ವರದಿಗೆ, ವರದಿಯಿಂದ ಊರಿಗೆ ಇಳಿಯಬಹುದು.

ದುರ್ಗದಬೈಲು

ಎಲ್ಲರಿಗೂ ಧನ್ಯವಾದ. ಊರುವಾರು ಅಂಕಿಗಳನ್ನು ವಾರದ ಲೆಕ್ಕದಲ್ಲಿ ಒಂದು ಹಾಳೆಯ ಮೇಲೆ ಬರೆಯುತ್ತಿದ್ದೇನೆ. ಮುಂದಿನ ರಜೆಯಲ್ಲಿ ಮುಖ್ಯೋಪಾಧ್ಯಾಯರ ಪತ್ರದೊಂದಿಗೆ ಧಾರವಾಡಕ್ಕೆ ಹೋಗುತ್ತೇನೆ. ಹಳೆಯ ಕಪಾಟಿನ ಸರ್, ಕನ್ನಡ ಕಡತಗಳನ್ನು ಮೊದಲು ಎಲ್ಲಿ ಕೇಳಲಿ? ಮೊಬೈಲಿನಲ್ಲಿ ಫೋಟೋ ತೆಗೆಯಲು ಬಿಡುತ್ತಾರೆಯೇ?

ಹಳೆಯ ಕಪಾಟು

ಕರ್ನಾಟಕ ವಿಶ್ವವಿದ್ಯಾಲಯದ ಬಸವನಾಳ ಗ್ರಂಥಾಲಯದಲ್ಲಿ ಕೇಳಿ, ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿಯೂ ಕೇಳಿ. ಸಂಘದ ‘ವಾಗ್ಭೂಷಣ’ 1896ರಲ್ಲಿ ಆರಂಭವಾದದ್ದು, ನಿಮ್ಮ ಕಾಲಕ್ಕೆ ಸರಿಹೊಂದುತ್ತದೆ. ಸಾಹಿತ್ಯದ ಪತ್ರಿಕೆ ಎಂದು ಬಿಟ್ಟುಬಿಡಬೇಡಿ. ದಿನಪತ್ರಿಕೆಯಲ್ಲಿ ಇಲ್ಲದ ಮಾತು ಕೆಲವು ಸಲ ಅಂಥಲ್ಲಿ ಇರುತ್ತದೆ. ಫೋಟೋಗೆ ಅನುಮತಿಯನ್ನು ಮೊದಲ ಪತ್ರದಲ್ಲಿಯೇ ಕೇಳಿಬಿಡಿ, ಫ್ಲ್ಯಾಶ್ ಹಾಕಬೇಡಿ. ಬರೆದುಕೊಳ್ಳಲು ಪೆನ್ಸಿಲ್ ಒಯ್ಯಿರಿ, ಹಳೆಯ ಸಂಪುಟದ ಹತ್ತಿರ ಶಾಯಿಯ ಪೆನ್ ತೆಗೆದರೆ ನಾನಾಗಿದ್ದರೂ ತಡೆಯುತ್ತಿದ್ದೆ. ಪುಟದ ಮೂಲೆಯನ್ನು ಬೆರಳಿಗೆ ಎಂಜಲು ಹಚ್ಚಿ ತಿರುವಬೇಡಿ. ಧೂಳಿಗೆ ಸೀನು ಬರುವುದು ಖಚಿತ, ಮಾಸ್ಕ್ ಇರಲಿ.